ಐವತ್ತು ಕಿಲೋ ಹೊಯ್ಗೆ

ಮೊದಲ ದಿನ ಕಬಡ್ಡಿ ಸರ್ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ, ಎದೆಗೆ ಎಸೆದರು. ಮೂವತ್ತು ಕಿಲೋ ಮರಳು ತುಂಬಿದ ಚೀಲ. ಅದನ್ನು ತಬ್ಬಿಕೊಂಡೇ ಹಿಂದಕ್ಕೆ ಬಿದ್ದೆ. ತಲೆ ನೆಲಕ್ಕೆ ಬಡಿಯಿತು. ನಾಲಗೆ ಹಲ್ಲಿನ ನಡುವೆ ಸಿಕ್ಕಿ ಬಾಯಿ ತುಂಬ ರಕ್ತವಾಯಿತು. ಸುತ್ತ ನಿಂತಿದ್ದ ಹುಡುಗಿಯರಲ್ಲಿ ಒಬ್ಬಳೂ ನಗಲಿಲ್ಲ, ಒಬ್ಬಳೂ ಎತ್ತಲು ಬರಲಿಲ್ಲ. ಸರ್ ಬಗ್ಗಿ ನನ್ನ ಮುಖ ನೋಡಿ ಒಂದೇ ಮಾತು ಹೇಳಿದರು: "ಲಕ್ಕ್." ಏಳು ಎನ್ನುವುದಕ್ಕೆ ತುಳುವಿನ ಮಾತು ಅದು. ಮುಂದಿನ ಎರಡು ವರ್ಷ ಆ ಮನುಷ್ಯನ ಬಾಯಿಂದ ನಾನು ಅತಿ ಹೆಚ್ಚು ಕೇಳಿದ್ದೂ ಅದನ್ನೇ.

ಆಗ ನನಗೆ ಇಪ್ಪತ್ತೊಂದು. ಮಾಣಿಯ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರು. ಡಿಗ್ರಿ ಮುಗಿಸಿದ ನಾನೂ ಅವರ ಪಕ್ಕದಲ್ಲಿ ಕೂತು ಎಲೆ ಕತ್ತರಿಸುತ್ತಿದ್ದೆ. ಕಬಡ್ಡಿ ಒಂದನ್ನು ಬಿಟ್ಟಿರಲಿಲ್ಲ. ಎತ್ತರ ಇದ್ದೆ, ಕೈ ಉದ್ದ ಇತ್ತು, ಹಿಡಿದರೆ ಬಿಡುತ್ತಿರಲಿಲ್ಲ. ಊರಿನ ಪಂದ್ಯವೊಂದರಲ್ಲಿ ನನ್ನನ್ನು ನೋಡಿದ ಸರ್ ಮನೆಗೇ ಬಂದು, ಜಗಲಿಯಲ್ಲಿ ಕೂತು, ಅಮ್ಮನಿಗೆ ಹೇಳಿದ್ದರು: "ನನಗೆ ಎರಡು ವರ್ಷ ಕೊಡಿ ಅಕ್ಕ. ಸ್ಪೋರ್ಟ್ಸ್ ಕೋಟಾದಲ್ಲಿ ಇವಳಿಗೆ ಸರ್ಕಾರಿ ಕೆಲಸ ಆಗ್ತದೆ. ನಾನು ಮಾಡಿಸ್ತೇನೆ." ಅಮ್ಮ ನನ್ನ ಬಟ್ಟೆಗಳನ್ನು ಅದೇ ವಾರ ಕಟ್ಟಿ ಕೊಟ್ಟರು.

ಸರ್ ಯಾವ ಕಾಲೇಜಿನವರೂ ಅಲ್ಲ, ಯಾವ ಸಂಘದವರೂ ಅಲ್ಲ. ಒಂದು ಕಾಲದಲ್ಲಿ ಒಳ್ಳೆಯ ಆಟಗಾರರಾಗಿದ್ದವರು, ಮೊಣಕಾಲು ಕೆಟ್ಟ ಮೇಲೆ ಕೆಲವು ವರ್ಷ ಮಂಗಳೂರಿನ ಗೋದಾಮುಗಳಲ್ಲಿ ಅಕ್ಕಿ ಮೂಟೆ ಹೊತ್ತವರು. ಮೂಡುಬಿದಿರೆ ಪೇಟೆಯಿಂದ ಸ್ವಲ್ಪ ಆಚೆ, ನಿಂತುಹೋದ ಒಂದು ಅಕ್ಕಿ ಗಿರಣಿಯನ್ನು ಬಾಡಿಗೆಗೆ ಹಿಡಿದು ಹುಡುಗಿಯರ ತಂಡ ಕಟ್ಟಿದ್ದರು. ಗಿರಣಿಯ ಪಕ್ಕದ ಎರಡು ಕೋಣೆಗಳ ಮನೆಯಲ್ಲಿ ನಾವು ಹತ್ತು ಜನ.

ಗಿರಣಿಯ ಒಳಗೆ ಒಂದೇ ಒಂದು ಯಂತ್ರ ಇರಲಿಲ್ಲ. ಗೋಡೆಯ ಉದ್ದಕ್ಕೂ ಚೀಲಗಳು ಮಾತ್ರ. ಗೊಬ್ಬರದ ಗೋಣಿಗೆ ಹೊಳೆಯ ಮರಳು ತುಂಬಿ, ಬಾಯಿ ಹೊಲಿದು, ಅದರ ಮೇಲೆ ಲಾರಿಯ ಹಳೆ ಟರ್ಪಾಲಿನ ಕವಚ ಹೊಲಿದ ಚೀಲಗಳು. ಮೂವತ್ತು, ನಲವತ್ತು, ಐವತ್ತು, ಅರವತ್ತು. ಸುಣ್ಣದಲ್ಲಿ ಅಂಕೆ ಬರೆದಿತ್ತು. "ಕಬ್ಬಿಣಕ್ಕೆ ಹಿಡಿ ಉಂಟು, ಹೊಯ್ಗೆಗೆ ಇಲ್ಲ" ಎನ್ನುತ್ತಿದ್ದರು ಸರ್. ಮರಳಿಗೆ ನಾವು ಹೊಯ್ಗೆ ಎನ್ನುವುದು. "ಮನುಷ್ಯನ ಮೈಗೂ ಹಿಡಿ ಇಲ್ಲ. ಎದುರಿನವಳು ಹಿಡಿಯಲಿಕ್ಕೆ ಸಿಗುದಿಲ್ಲ, ಜಾರ್ತಾಳೆ, ಒದಿತಾಳೆ. ಇದೂ ಹಾಗೆಯೇ. ಇದನ್ನು ಹಿಡಿದವಳು ಯಾರನ್ನೂ ಹಿಡೀತಾಳೆ."

ಅದು ನಿಜ. ಚೀಲವನ್ನು ನೆಲದಿಂದ ಎತ್ತುವಾಗ ಮರಳು ಒಂದು ಕಡೆಗೆ ಸರಿಯುತ್ತದೆ. ಎಡಗೈ ಬಿಗಿ ಮಾಡಿದರೆ ಬಲಗಡೆಗೆ ಹರಿಯುತ್ತದೆ. ಹೊಟ್ಟೆಗೆ ಒತ್ತಿ, ತೊಡೆಯ ಮೇಲೆ ಕೂರಿಸಿಕೊಂಡು, ಅಲ್ಲಿಂದ ಒಂದೇ ನೆಗೆತಕ್ಕೆ ಹೆಗಲಿಗೆ ಹಾಕಬೇಕು. ಹಾಕಿದ್ದನ್ನು ಬಿಸಾಡಬೇಕು. ಮತ್ತೆ ಎತ್ತಬೇಕು. ಹತ್ತು ಸಲ ಆದ ಮೇಲೆ ಅದನ್ನು ಎದೆಗೆ ತಬ್ಬಿಕೊಂಡೋ ಹೆಗಲ ಮೇಲಿಟ್ಟುಕೊಂಡೋ ಗಿರಣಿಯ ಆ ತುದಿಗೆ ಓಡಿ ಈ ತುದಿಗೆ ಬರಬೇಕು. ಇಪ್ಪತ್ತು ನಿಮಿಷ ನಿಲ್ಲುವಂತಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೊದಲ ವಾರದಲ್ಲೇ ಟರ್ಪಾಲು ತಿಕ್ಕಿ ತಿಕ್ಕಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಎದ್ದು ಹೋಯಿತು. ಕೊರಳ ಕೆಳಗಿನ ಎಲುಬಿನ ಮೇಲೆ ನೀಲಿ ಗಟ್ಟಿಯಾಗಿ ಕೂತಿತು. ಸ್ನಾನದ ನೀರು ಮೈಮೇಲೆ ಬಿದ್ದಾಗ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದೆವು. ಮಳೆಗಾಲದಲ್ಲಿ ಮಾಡು ಸೋರಿ ಚೀಲಗಳು ನೀರು ಕುಡಿಯುತ್ತಿದ್ದವು. ಐವತ್ತು ಎಂದು ಬರೆದದ್ದು ಅರವತ್ತಕ್ಕಿಂತ ಭಾರವಾಗುತ್ತಿತ್ತು. ಅಂಕೆ ಮಾತ್ರ ಐವತ್ತೇ.

ಚೀಲ ಕೈಬಿಟ್ಟರೆ ನಾಗರಬೆತ್ತ. ಹೆಚ್ಚಾಗಿ ಕಾಲಿನ ಮೀನಖಂಡಕ್ಕೆ, ಕೆಲವು ಸಲ ಬೆನ್ನಿಗೆ. ಸಿಟ್ಟಿನಿಂದ ಹೊಡೆಯುತ್ತಿರಲಿಲ್ಲ ಅವರು. ಹೊಡೆದು, ಗಡಿಯಾರ ನೋಡಿ, "ಲಕ್ಕ್" ಎನ್ನುತ್ತಿದ್ದರು. ವಾಂತಿ ಮಾಡಿದವಳು ವಾಂತಿಯ ಪಕ್ಕದಲ್ಲೇ ಚೀಲ ಎತ್ತಬೇಕಿತ್ತು.

ಕೋಣೆಯಲ್ಲಿ ನನ್ನ ಚಾಪೆಯ ಪಕ್ಕದ ಚಾಪೆ ಕೊಕ್ಕಡದ ಹುಡುಗಿಯದು. ಅವಳ ಅಪ್ಪ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವರು. ನಮ್ಮ ತಂಡದ ಅತ್ಯಂತ ಚುರುಕಿನ ರೈಡರ್ ಅವಳು. ಎದುರಿನ ಅಂಗಳಕ್ಕೆ ನುಗ್ಗಿ, ಮುಟ್ಟಿ, ಗಾಳಿಯಂತೆ ಹಿಂದೆ ಬರುತ್ತಿದ್ದಳು. ತೂಕ ನಲವತ್ತೆಂಟು ಕಿಲೋ. "ನನಗಿಂತ ಚೀಲವೇ ಗುಂಡು ಗುಂಡಾಗಿ ಉಂಟು ಮಾರಾಯ್ತಿ, ಅದಕ್ಕೇ ಮದುವೆ ಮಾಡಿಸಿ" ಎಂದು ನಗಿಸುತ್ತಿದ್ದಳು. ಕೈಯ ಗಾಯಕ್ಕೆ ನಾನು ಅವಳಿಗೆ, ಅವಳು ನನಗೆ ಅರಸಿನ ಕಲಸಿದ ತೆಂಗಿನೆಣ್ಣೆ ಹಚ್ಚುತ್ತಿದ್ದೆವು. ಒಂದೇ ಬಕೆಟು, ಒಂದೇ ಬಾಚಣಿಗೆ. ಅಷ್ಟು ಹತ್ತಿರದ ಗೆಳತಿ ನನಗೆ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ಎಂಟು ತಿಂಗಳಾಗುವಾಗ ನಾನು ಅರವತ್ತರ ಚೀಲವನ್ನು ಹೆಗಲಿಗೆ ಹಾಕುತ್ತಿದ್ದೆ. ಆ ವರ್ಷ ಬೆಳ್ತಂಗಡಿಯ ಕಡೆ ಒಂದು ಮೈದಾನದಲ್ಲಿ ಪಂದ್ಯ. ಕೊನೆಯ ಹೊತ್ತಿಗೆ ಎರಡೂ ತಂಡ ಸಮ ಸಮ. ಎದುರಿನ ರೈಡರ್ ಗಟ್ಟಿ ಹೆಣ್ಣು. ಒಳಗೆ ಬಂದವಳು ನಮ್ಮವರಿಬ್ಬರನ್ನು ಮುಟ್ಟಿ ತಿರುಗಿದಳು. ನಾನು ಹಿಂದಿನಿಂದ ಅವಳ ಸೊಂಟಕ್ಕೆ ಕೈ ಹಾಕಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಅವಳನ್ನು ಹೊಟ್ಟೆಗೆ ಒತ್ತಿ, ತೊಡೆಗೆ ತಂದು, ಹೆಗಲ ಎತ್ತರಕ್ಕೆ ಎತ್ತಿ ಬಿಸಾಡಿದೆ. ಹೆಗಲು ಕೆಳಗಾಗಿ ಬಿದ್ದಳು. ಎದ್ದು ಕೂತಾಗ ಒಂದು ಕೈ ಜೋತು ಬಿದ್ದಿತ್ತು. ಎಲುಬು ಚರ್ಮವನ್ನು ಒಳಗಿನಿಂದ ದೂಡುತ್ತಿತ್ತು. ಅವಳು ಕಿರುಚುತ್ತಿದ್ದಳು, ಜನ ಶಿಳ್ಳೆ ಹಾಕುತ್ತಿದ್ದರು. ಅಂಪಾಯರ್ ನನ್ನನ್ನು ಹೊರಗೆ ಕಳುಹಿಸಿದರು. ಆದರೂ ನಾವು ಗೆದ್ದೆವು. ವ್ಯಾನಿನಲ್ಲಿ ಎಲ್ಲರೂ ನನ್ನ ಹೆಸರು ಕೂಗಿದರು. ಆ ಹುಡುಗಿಯನ್ನು ಯಾವ ಆಸ್ಪತ್ರೆಗೆ ಕರೆದುಕೊಂಡು ಹೋದರು ಎಂದು ನಾನು ಕೇಳಲಿಲ್ಲ.

ಮರುದಿನ ಸರ್ ನನ್ನನ್ನು ಕ್ಯಾಪ್ಟನ್ ಮಾಡಿದರು. ಬೆತ್ತವನ್ನು ನನ್ನ ಕೈಯಲ್ಲಿಟ್ಟು, "ಇನ್ನು ಇದು ನಿನ್ನ ಕೆಲಸ. ನೀನು ಹೊಡಿಯದಿದ್ರೆ ನಾನು ಹೊಡೀತೇನೆ, ನಿನಗೂ ಸೇರಿಸಿ" ಎಂದರು.

ಮೊದಲ ಪೆಟ್ಟನ್ನು ನಾನು ಮೆಲ್ಲಗೆ ಹೊಡೆದದ್ದು ನಿಜ. ಅಷ್ಟನ್ನೇ ಬರೆದು ಮುಂದಕ್ಕೆ ಹೋದರೆ ಸುಳ್ಳಾಗುತ್ತದೆ. ಮೂರನೆಯ ದಿನದಿಂದ ಜೋರಾಗಿಯೇ ಹೊಡೆದೆ. ಒಂದು ವಾರದಲ್ಲಿ ಯಾರು ಮೊದಲು ಸೋಲುತ್ತಾಳೆ ಎಂದು ಕಾಯತೊಡಗಿದೆ. ಒಂಬತ್ತು ಜನರ ಉಸಿರು, ಚೀಲಗಳು ನೆಲಕ್ಕೆ ಬೀಳುವ ಸದ್ದು, ಅದರ ನಡುವೆ ಬೆತ್ತ ಹಿಡಿದು ನಡೆಯುವವಳು ನಾನು. ನಾನು ಹತ್ತಿರ ಬಂದರೆ ಸಾಕು, ಬೀಳಲಿದ್ದ ಚೀಲ ಹೆಗಲಿಗೆ ಏರುತ್ತಿತ್ತು. ಅದು ನನಗೆ ಇಷ್ಟವಾಗಿತ್ತು. ರಾತ್ರಿ ಎಣ್ಣೆ ಹಚ್ಚಲು ಕೊಕ್ಕಡದವಳು ಈಗ ಬೇರೆ ಹುಡುಗಿಯ ಹತ್ತಿರ ಹೋಗುತ್ತಿದ್ದಳು. ಅದಕ್ಕೂ ನನಗೆ ಅವಳ ಮೇಲೆ ಸಿಟ್ಟು ಬಂತು.

ಆ ಬೆಳಿಗ್ಗೆ ಸರ್ ಪೇಟೆಗೆ ಹೋಗಿದ್ದರು. ಗಿರಣಿಯಲ್ಲಿ ಇದ್ದದ್ದು ನಾವು ಹುಡುಗಿಯರು ಮಾತ್ರ. ಅವಳ ಪಾಲಿಗೆ ಐವತ್ತರ ಚೀಲ. ಮಳೆ ಹಿಡಿದು ಎರಡು ವಾರವಾಗಿತ್ತು, ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಹದಿನಾಲ್ಕು ನಿಮಿಷ ಆಗುವಾಗ ಅವಳು ಅದನ್ನು ಹೆಗಲ ಮೇಲಿಟ್ಟುಕೊಂಡು ನಿಂತುಬಿಟ್ಟಳು.

"ಓಡು" ಎಂದೆ.

"ಆಗುದಿಲ್ಲ. ಒಂದು ನಿಮಿಷ ಕೊಡು."

"ಓಡು."

"ಸರ್ ಇಲ್ಲ ಅಲ್ವಾ ಮಾರಾಯ್ತಿ" ಎಂದಳು. ಸ್ವಲ್ಪ ನಗುತ್ತಲೇ ಹೇಳಿದಳು. ಉಳಿದವರಲ್ಲಿ ಯಾರೋ ಕಿಸಕ್ಕೆಂದಳು.

ಆ ನಗುವಿಗೆ ನನ್ನ ತಲೆಗೆ ರಕ್ತ ಏರಿತು. ಅವಳ ಹಿಂದೆ ಹೋಗಿ ಎರಡೂ ಮೊಣಕಾಲಿನ ಹಿಂಭಾಗಕ್ಕೆ ಇಡೀ ಕೈ ಬೀಸಿ ಹೊಡೆದೆ. ಅವಳ ಕಾಲು ಮಡಚಿತು. ಹಸಿ ನೆಲದಲ್ಲಿ ಪಾದ ಜಾರಿ ಎಡಗಾಲು ಅಡ್ಡವಾಗಿ ಚಾಚಿಕೊಂಡಿತು. ಹೆಗಲ ಮೇಲಿದ್ದ ಚೀಲ ನೇರ ಅದರ ಮೇಲೆ ಬಿತ್ತು. ತೆಂಗಿನ ಗೆರಟೆಯನ್ನು ಮೆಟ್ಟಿದರೆ ಆಗುವಂಥ ಸದ್ದು. ಮೊಣಕಾಲಿಗೂ ಪಾದಕ್ಕೂ ನಡುವೆ, ಕಾಲು ಬಾಗಬಾರದ ಜಾಗದಲ್ಲಿ ಬಾಗಿತ್ತು. ಅವಳು ಕಿರುಚಲಿಲ್ಲ. ಬಾಯಿ ತೆರೆದು ಕಾಲನ್ನು ನೋಡುತ್ತಿದ್ದಳು. ನಾವು ನಾಲ್ಕು ಜನ ಸೇರಿ ಚೀಲ ಎತ್ತಿದ ಮೇಲೆ ಕಿರುಚತೊಡಗಿದಳು. ನನ್ನ ಬಾಯಿಂದ ಆಗ ಬಂದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. "ಲಕ್ಕ್" ಎಂದಿದ್ದೆ.

ಆಸ್ಪತ್ರೆಗೆ ಓಡಿ ಬಂದ ಸರ್ ಎಲ್ಲರನ್ನೂ ಹೊರಗಿನ ಗೋಡೆಯ ಹತ್ತಿರ ನಿಲ್ಲಿಸಿ, "ಜಾರಿ ಬಿದ್ದಳು. ಎಲ್ಲರ ಬಾಯಲ್ಲಿಯೂ ಅದೇ ಬರಬೇಕು" ಎಂದರು. ಡಾಕ್ಟರು ಮಂಚದ ಪಕ್ಕ ನಿಂತು ಕೇಳಿದಾಗ ಗೆಳತಿ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಮಾಡಿನ ಕಡೆ ನೋಡಿ, "ಜಾರಿದೆ" ಎಂದಳು. ಕಾಲಿಗೆ ರಾಡ್ ಹಾಕಿದರು. ಅವಳ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದರು. ಹೋಗುವಾಗ ಆ ಮನುಷ್ಯ ನನ್ನ ಕೈ ಹಿಡಿದು, "ನೀನು ನೋಡಿಕೊಂಡೆ ಅಂತ ಹೇಳಿದಳು, ದೇವರು ಒಳ್ಳೇದು ಮಾಡ್ಲಿ ಮಗಾ" ಎಂದರು. ಆಮೇಲೆ ನಾನು ಅವಳಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲ ಮಾಡಲಿಲ್ಲ.

ಬೆತ್ತವನ್ನು ಅಲ್ಲಿಗೆ ಬಿಟ್ಟೆ ಎಂದು ಹೇಳಿಕೊಳ್ಳಲು ಇಷ್ಟ. ಬಿಡಲಿಲ್ಲ. ಇನ್ನೂ ಹತ್ತು ತಿಂಗಳು ಅಲ್ಲೇ ಇದ್ದೆ, ಹೊಡೆದೆ, ಪಂದ್ಯಗಳನ್ನು ಗೆದ್ದೆ. ಕೋಟಾದ ಕೆಲಸ ಮಾತ್ರ ಬರಲಿಲ್ಲ. ಸರ್ ಕೇಳಿದ್ದ ಎರಡು ವರ್ಷ ಮುಗಿಯುತ್ತಾ ಬಂತು, ಬಲ ಹೆಗಲು ಕೈಕೊಟ್ಟಿತು. ಒಂದು ದಿನ ಸರ್ ನನ್ನ ಜಾಗಕ್ಕೆ ಬೇರೆ ಹುಡುಗಿಯನ್ನು ತಂದರು. ನಾನು ಊರಿಗೆ ಬಂದೆ.

ಬಿ.ಸಿ. ರೋಡಿನ ಒಂದು ಜಿಮ್ಮಿನಲ್ಲಿ ಹೆಂಗಸರ ಬ್ಯಾಚಿಗೆ ಟ್ರೈನರ್ ಬೇಕಾಗಿತ್ತು. ಸೇರಿಕೊಂಡೆ. ಅಲ್ಲಿನ ಮೆಷಿನುಗಳ ನಡುವೆ ನಾನು ಹೊಲಿದ ಮರಳು ಚೀಲಗಳೂ ಬಂದವು. ಜನಕ್ಕೆ ಅದು ಹೊಸತು, ವಿಡಿಯೋ ತೆಗೆದು ಹಾಕುತ್ತಿದ್ದರು. ನಾನು ಬೆತ್ತ ಹಿಡಿಯಲಿಲ್ಲ. ಬೆತ್ತ ಇಲ್ಲದೆಯೂ ನನ್ನ ದನಿಗೆ ಅವರು ಹೆದರುತ್ತಿದ್ದರು. ನಾಲ್ಕು ವರ್ಷ ಹಾಗೆ ಹೋಯಿತು.

ಹೋದ ವರ್ಷ ಒಂದು ಮಧ್ಯಾಹ್ನ ಪೊಲೀಸ್ ಸ್ಟೇಷನ್ನಿನಿಂದ ಫೋನ್ ಬಂತು. ಸರ್ ತಮ್ಮ ತಂಡದ ಹದಿನೇಳು ವರ್ಷದ ಹುಡುಗಿಯೊಬ್ಬಳ ಕಪಾಳಕ್ಕೆ ಹೊಡೆದದ್ದರಿಂದ ಅವಳ ಒಂದು ಕಿವಿ ಕೇಳುವುದಿಲ್ಲವಂತೆ. ತಾಯಿ ದೂರು ಕೊಟ್ಟಿದ್ದಾರಂತೆ. ಹಳೆಯ ಆಟಗಾರ್ತಿಯರ ಹೇಳಿಕೆ ತೆಗೆದುಕೊಳ್ಳುತ್ತಿದ್ದಾರಂತೆ. ಬುಧವಾರ ಬರಬೇಕು ಎಂದರು.

ಅರ್ಧ ಗಂಟೆಯಲ್ಲಿ ಸರ್ ಫೋನ್ ಬಂತು.

"ನೀನು ನನ್ನ ಮಗಳ ಹಾಗೆ" ಎಂದರು. "ಎರಡೇ ಮಾತು ಹೇಳು, ಸಾಕು. ಸರ್ ಕೈ ಎತ್ತಿದವರಲ್ಲ ಅಂತ."

ಫೋನ್ ಹಿಡಿದುಕೊಂಡೇ ಹೋಗಿ ಜಿಮ್ಮಿನ ಬಾಗಿಲು ಮುಚ್ಚಿದೆ.

"ಆ ಕೊಕ್ಕಡದ ಹುಡುಗಿಯ ಕಾಲು ಮುರಿದದ್ದು ನೆನಪುಂಟಲ್ಲ? ಆ ದಿನ ನಾನು ಅಲ್ಲಿ ಇರಲೇ ಇಲ್ಲ. ಬೆತ್ತ ಯಾರ ಕೈಯಲ್ಲಿತ್ತು ಅಂತ ಕೇಳಿದ್ರೆ ನಾನೂ ಹೇಳಬೇಕಾಗ್ತದೆ. ನೋಡು, ಯೋಚನೆ ಮಾಡು."

ಮಂಗಳವಾರ ಬೆಳಿಗ್ಗೆ ಕೊಕ್ಕಡದ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಕಾಲು ಮುರಿದ ಕಬಡ್ಡಿಯವಳು ಎಂದಾಗ ಅಂಗಡಿಯವರು "ಕುಂಟುವ ಟೈಲರಾ? ಈಗ ಹೊಲಿಗೆ ಮಾಡುವವಳು" ಎಂದು ದಾರಿ ತೋರಿಸಿದರು. ಅಂಗಳದ ಮೂಲೆಯಲ್ಲಿ ಅವಳು ರಬ್ಬರ್ ಹಾಲಿನ ಗಟ್ಟಿಯನ್ನು ರೋಲರ್‌ಗೆ ಕೊಟ್ಟು ಹಾಳೆ ಒತ್ತುತ್ತಿದ್ದಳು. ಕೈಚಕ್ರ ತಿರುಗಿಸುವಾಗ ಮೈಯ ಭಾರವೆಲ್ಲ ಬಲಗಾಲಿನ ಮೇಲೆ. ಪಕ್ಕದಲ್ಲಿ ಬುಟ್ಟಿಯೊಳಗೆ ಕೂತಿದ್ದ ಹೆಣ್ಣುಮಗು ನನ್ನನ್ನು ನೋಡಿ ಅಳತೊಡಗಿತು. ಅವಳು ತಲೆ ಎತ್ತಿದಳು. ಚಕ್ರ ನಿಂತಿತು.

"ನೀನಾ" ಎಂದಳು.

ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿಗೋ ಹೋದವು. "ನಿನ್ನ ಹತ್ತಿರ ಒಂದು ಕೇಳಲಿಕ್ಕುಂಟು" ಎಂದೆ. ಸರ್ ಮೇಲಿನ ದೂರು, ಬುಧವಾರ, ಫೋನು, ಎಲ್ಲ ಹೇಳಿ, ನಾಳೆ ನಾನು ಏನು ಹೇಳಲಿ ಎಂದು ಕೇಳಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡಳು.

"ಅಂದ್ರೆ ಈಗ ನಿನಗೆ ಹೆದರಿಕೆ ಆಗಿದೆ. ಅದಕ್ಕೆ ಬಂದದ್ದು."

"ಹೌದು" ಎಂದೆ.

ಎರಡು ಹೆಜ್ಜೆ ಕುಂಟಿಕೊಂಡು ಬಂದು ಅವಳು ನನ್ನ ಮುಖಕ್ಕೆ ಹೊಡೆದಳು. ಅಂಗೈಯಿಂದಲ್ಲ, ಮುಷ್ಟಿಯಿಂದ. ಮತ್ತೊಂದು ಹೊಡೆದಳು. ಮೂಗಿನಿಂದ ರಕ್ತ ಬಿಸಿಯಾಗಿ ತುಟಿಗೆ ಇಳಿಯಿತು. ಆ ಕ್ಷಣದಲ್ಲಿ ನನ್ನ ಎರಡೂ ಕೈಗಳು ನನ್ನನ್ನು ಕೇಳದೆಯೇ ಅವಳ ಸೊಂಟಕ್ಕೆ ಹೋಗಿದ್ದವು. ಹಿಡಿದದ್ದೂ ಆಗಿತ್ತು. ಇನ್ನೊಂದು ಎಳೆತಕ್ಕೆ ಅವಳು ನೆಲದಿಂದ ಮೇಲೆ. ಎಷ್ಟು ಹಗುರ ಇದ್ದಾಳೆ ಎಂದು ಕೈಗೆ ಗೊತ್ತಾಯಿತು. ಮಗು ಚೀರುತ್ತಿತ್ತು. ನಾನು ಕೈ ಬಿಡಿಸಿಕೊಂಡು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಮೂರನೆಯ ಪೆಟ್ಟನ್ನೂ ಹೊಡೆದಳು. ಆಮೇಲೆ ಏದುಸಿರು ಬಿಡುತ್ತಾ ರೋಲರಿಗೆ ಒರಗಿ ನಿಂತಳು.

"ನನಗೆ ಗೊತ್ತಿರಲಿಲ್ಲ ಅಂತ ಗ್ರಹಿಸಿದ್ದಾ ನೀನು?" ಎಂದಳು. "ಹಿಂದಿನಿಂದ ಬಿದ್ದ ಪೆಟ್ಟು ಯಾರದ್ದು ಅಂತ? ಸರ್ ಪೆಟ್ಟು ಬೇರೆ, ನಿನ್ನ ಪೆಟ್ಟು ಬೇರೆ. ನಿನ್ನದೇ ಜೋರು."

"ಹಾಗಾದ್ರೆ ಆಸ್ಪತ್ರೆಯಲ್ಲಿ ಯಾಕೆ ಹೇಳಲಿಲ್ಲ?"

"ನಿನ್ನ ಕೆಲಸ ಹೋಗ್ತದೆ ಅಂತ. ಕೋಟಾದಲ್ಲಿ ಬರಲಿಕ್ಕಿದ್ದ ಕೆಲಸ." ಅವಳು ಮಗುವನ್ನು ಎತ್ತಿಕೊಂಡಳು. "ನೀನು ಬರ್ತಿ ಅಂತ ಆರು ತಿಂಗಳು ಆ ಬಾಗಿಲು ನೋಡ್ತಾ ಮಲಗಿದ್ದೇನೆ ನಾನು. ಒಂದು ಸಲ ಬಂದು ಕೂತಿದ್ರೆ ಸಾಕಿತ್ತು."

ಅಂಗಳದಲ್ಲಿ ರಬ್ಬರಿನ ಹುಳಿ ವಾಸನೆ, ನನ್ನ ಬಾಯಲ್ಲಿ ರಕ್ತದ ರುಚಿ.

"ನಾಳೆ ಹೋಗಿ ಬರೆಸು" ಎಂದಳು. "ಅವರದ್ದು ಎಲ್ಲ ಬರೆಸು. ನಿನ್ನದೂ ಬರೆಸು. ನನ್ನನ್ನು ಕೇಳಿದ್ರೆ ನಾನೂ ಹೇಳ್ತೇನೆ. ಮತ್ತೆ ಇಲ್ಲಿಗೆ ಬರಬೇಡ."

ಮೂಗು ತೊಳೆಯಲು ನೀರು ಕೊಟ್ಟಳು. ಅದಕ್ಕಿಂತ ಹೆಚ್ಚು ಏನೂ ಇಲ್ಲ.

ಬುಧವಾರ ಸ್ಟೇಷನ್ನಿನಲ್ಲಿ ನನ್ನ ಹೇಳಿಕೆ ಬರೆದುಕೊಂಡವರು ಒಬ್ಬರು ಹೆಂಗಸು. ಸರ್ ಹೊಡೆದದ್ದನ್ನು ಹೇಳುವಾಗ ಅವರ ಪೆನ್ನು ಓಡುತ್ತಿತ್ತು. ನಾನು ಹೊಡೆದದ್ದಕ್ಕೆ ಬಂದಾಗ ನಿಂತಿತು. ಅವರು ನನ್ನ ಊದಿದ ಮೂಗನ್ನು ನೋಡಿ, "ಯಾರಾದ್ರೂ ಹೆದರಿಸಿದ್ದಾರಾ ನಿಮಗೆ?" ಎಂದು ಕೇಳಿದರು. ಇಲ್ಲ ಎಂದೆ. "ಇದನ್ನೂ ಬರೀಬೇಕಾ? ಯಾರೂ ನಿಮ್ಮ ಮೇಲೆ ದೂರು ಕೊಡಲಿಲ್ಲ ಅಲ್ವಾ." "ಬರೀರಿ ಮೇಡಂ" ಎಂದೆ. ಎಷ್ಟು ಜನರಿಗೆ ಹೊಡೆದಿದ್ದೀರಿ ಎಂದು ಕೇಳಿದರು. ಎಲ್ಲರಿಗೂ ಎಂದೆ.

ಗಿರಣಿಗೆ ಬೀಗ ಬಿತ್ತು. ಕೇಸು ನಡೆಯುತ್ತಿದೆ. ಸರ್ ಜಾಮೀನಿನಲ್ಲಿದ್ದಾರೆ. ಘಟ್ಟದ ಮೇಲೆ ಎಲ್ಲೋ ಇನ್ನೊಂದು ತಂಡಕ್ಕೆ ತರಬೇತಿ ಕೊಡುತ್ತಿದ್ದಾರೆ ಎಂದು ಕೇಳಿದೆ, ನಿಜವೋ ಸುಳ್ಳೋ ಗೊತ್ತಿಲ್ಲ. ಗೆಳತಿಯೂ ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಟ್ಟಳಂತೆ. ನನ್ನ ಮೇಲೆ ಏನಾಗುತ್ತದೆಂದು ವಕೀಲರಿಗೂ ಸರಿಯಾಗಿ ಹೇಳಲು ಬರುತ್ತಿಲ್ಲ. ಸುದ್ದಿ ಮಾತ್ರ ಬೇಗ ಹರಡಿತು. ಜಿಮ್ಮಿನ ಧಣಿಗಳು ಕರೆದು, "ನಾಲ್ಕು ಜನ ಮಾತಾಡ್ತಾರೆ, ಸ್ವಲ್ಪ ಸಮಯ ಬರುದು ಬೇಡ" ಎಂದರು. ಅಮ್ಮ ಮೂರು ದಿನ ನನ್ನೊಂದಿಗೆ ಮಾತನಾಡಲಿಲ್ಲ. ನಾಲ್ಕನೆಯ ದಿನ ಊಟ ಬಡಿಸುವಾಗ, "ಆ ಕೊಕ್ಕಡದ ಹುಡುಗಿ ರಜೆಯಲ್ಲಿ ನಿನ್ನೊಟ್ಟಿಗೆ ಇಲ್ಲಿಗೆ ಬಂದಾಗ ನನ್ನ ಬೀಡಿ ಎಲೆ ಕತ್ತರಿಸಿ ಕೊಟ್ಟಿದ್ದಳು" ಎಂದಷ್ಟೇ ಹೇಳಿದರು.

ನನ್ನ ಬ್ಯಾಚಿನ ನಾಲ್ಕು ಜನ ಹೆಂಗಸರು ನನ್ನನ್ನು ಬಿಡಲಿಲ್ಲ. ಬಂಟ್ವಾಳದಲ್ಲಿ ಹಂಚಿನ ಕಾರ್ಖಾನೆಯೊಂದರ ಖಾಲಿ ಶೆಡ್ಡು ಸಿಕ್ಕಿತು, ಅಲ್ಲಿ ವಾರಕ್ಕೆ ಐದು ದಿನ ಚೀಲ ಎತ್ತುತ್ತೇವೆ. ಅವರಿಗೆ ನಡೆದದ್ದೆಲ್ಲ ನಾನೇ ಹೇಳಿದ್ದೇನೆ. ಅವರಲ್ಲೊಬ್ಬರು ಬ್ಯಾರಿ ಮುಸ್ಲಿಂ ಹೆಂಗಸು, ಗಂಡ ದುಬಾಯಿಯಲ್ಲಿ, ಮೂರು ಮಕ್ಕಳ ತಾಯಿ. ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ನಲವತ್ತರ ಚೀಲವನ್ನು ಹೆಗಲಿಗೆ ಹಾಕುತ್ತಾರೆ.

ಹೋದ ವಾರ ಅವರು ಒಂಬತ್ತನೆಯ ಸಲಕ್ಕೆ ಚೀಲವನ್ನು ಕೆಳಗೆ ಹಾಕಿ, "ಸಾಕು, ಇವತ್ತು ಆಗುದಿಲ್ಲ" ಎಂದರು. ನನ್ನ ಕಿವಿಯ ಹಿಂದೆ ಬಿಸಿ ಏರಿತು. ಬಲಗೈ ಮುಚ್ಚಿಕೊಂಡಿತು. ಅದರಲ್ಲಿ ಏನೂ ಇರಲಿಲ್ಲ, ಆದರೂ ಏನನ್ನೋ ಹಿಡಿದ ಹಾಗೆ ಬೆರಳುಗಳು ಬಿಗಿದಿದ್ದವು.

"ಟೀಚರ್" ಎಂದರು ಅವರು, ಹಿಂದಕ್ಕೆ ಸರಿಯದೆ. "ನಿಮ್ಮ ಮುಖ ನೋಡಿದ್ರೆ ಹೆದರಿಕೆ ಆಗ್ತದೆ. ಸ್ವಲ್ಪ ಹೊರಗೆ ಹೋಗಿ ಬನ್ನಿ."

ಹೋದೆ. ಶೆಡ್ಡಿನ ಹೊರಗೆ ಒಡೆದ ಹಂಚುಗಳ ರಾಶಿಯ ಪಕ್ಕ ನಿಂತು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಒಳಗೆ ಅವರು ನಾಲ್ಕೂ ಜನ ಏನೋ ಹೇಳಿಕೊಂಡು ನಕ್ಕರು. ನನ್ನ ಬಗ್ಗೆಯೇ ಇರಬಹುದು. ಕೋಪ ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲೇ ನಿಂತೆ.